ಬಾಬಿಚ್ಕಾ ಏಳಲಿಲ್ಲ

ಚೆಕ್ ದೇಶದ ಬ್ರನೋ ನಗರದ ಆ ಕಚೇರಿಯಲ್ಲಿ ಬರೆದ ಕೆಲಸಕ್ಕೆ ಮುದುಕ ಓಟಕಾರ್ ಹೆಸರು ಸಿಗುವುದೆಂದರೆ ಹುಡುಗಾಟವಲ್ಲ. ಕರ್ನೆಲ್‌ಗೆ, ಅಂದರೆ ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಮೂಲ ತಂತ್ರಾಂಶಕ್ಕೆ, ಯಾರು ತಿದ್ದುಪಡಿ ಬರೆದರೂ ಮುದುಕ ಮೊದಲು ಅದನ್ನು ನೆಲಮಾಳಿಗೆಯ ಹಳೇ ಯಂತ್ರದಲ್ಲಿ ಓಡಿಸಿ ನೋಡಬೇಕು. ಆಮೇಲಷ್ಟೇ 'ಪರಿಶೀಲಿಸಿದ್ದೇನೆ: ಓಟಕಾರ್' ಎಂದು ಎಲ್ಲರೂ ಓದುವ ಮೇಲ್ ಪಟ್ಟಿಗೆ ಬರೆಯುವುದು. ಇಪ್ಪತ್ತು ವರ್ಷದ ಆ ಯಂತ್ರವನ್ನು ಎಲ್ಲರೂ ಕರೆಯುವುದು ಬಾಬಿಚ್ಕಾ, ಅಜ್ಜಿ, ಎಂದೇ.

ಎಂಟು ಸಲ ಬರೆಸಿದ ಮೇಲೆ ಈ ಬೆಳಿಗ್ಗೆ, ಕಚೇರಿಗೆ ಹೊಸಬಳಾದ ರಾದ್ಕಾಳ ಮೊದಲ ತಿದ್ದುಪಡಿಗೆ ಆ ಹೆಸರು ಬಿದ್ದಿತ್ತು. ಪ್ರೊಸೆಸರ್‌ನಲ್ಲಿ ಹೊಸ ಸೌಲಭ್ಯವೊಂದು ಇದೆಯೇ ಎಂದು ಕಂಪೈಲ್ ಮಾಡುವಾಗಲೇ, ಅಂದರೆ ಬರೆದದ್ದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವಾಗಲೇ, ಪರೀಕ್ಷಿಸಿ, ಇದ್ದರೆ ಹಳೇ ದಾರಿಯನ್ನು ಕೈಬಿಡುವುದು ಅದರ ಕೆಲಸ. ಖುಷಿಗೆ ಅವಳು ಎಲ್ಲರಿಗೂ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚ್, ಹಂಚಿದಳು. ಅಜ್ಜಿಗೂ ತೋರಿಸಿ ಬರೋಣವೆಂದು ತಟ್ಟೆ ಹಿಡಿದು ಕೆಳಗಿಳಿದು, ತನ್ನ ತಿದ್ದುಪಡಿಯಿದ್ದ ಕರ್ನೆಲ್ ಹಾಕಿ ಗುಂಡಿ ಒತ್ತಿದಳು.

ಪರದೆ ಕಪ್ಪಗೇ ಉಳಿಯಿತು.

ತಪ್ಪು ಹತ್ತೇ ನಿಮಿಷದಲ್ಲಿ ಸಿಕ್ಕಿತು. ಅವಳ ಪರೀಕ್ಷೆ ಕರ್ನೆಲ್ ಓಡಬೇಕಾದ ಯಂತ್ರವನ್ನು ಬಿಟ್ಟು, ಅದನ್ನು ತಯಾರಿಸಿದ ಅವಳ ಹೊಸ ಲ್ಯಾಪ್‌ಟಾಪನ್ನು ನೋಡಿ ಸೌಲಭ್ಯ ಇದೆ ಎಂದು ತಲೆಯಾಡಿಸಿತ್ತು. ಬಾಯಿಮುಚ್ಚಿಕೊಂಡಿದ್ದರೆ ಮುಂದಿನ ವಾರ ಸದ್ದಿಲ್ಲದೆ ಸರಿಪಡಿಸಬಹುದು. ಅಷ್ಟರಲ್ಲಿ ಎಲ್ಲೆಲ್ಲಿಯ ಅಜ್ಜಿಯರು ಮಲಗಿಬಿಡುತ್ತಾರೋ. ಹೇಳಿದರೆ ತಿದ್ದುಪಡಿ ಈ ಆವೃತ್ತಿಗೆ ತಪ್ಪಿ, ಅವಳ ಕೆಲಸ ಹತ್ತು ವಾರ ಹಿಂದೆ ಬೀಳುತ್ತದೆ. ಅದು ಹಾಳಾಗಲಿ, ಮುದುಕನ ಹೆಸರು ಕೆಡುತ್ತದಲ್ಲ.

ಆದರೂ ಮೇಲೆ ಹೋದಳು.

"ಓಟಕಾರ್ ಅವರೇ, ಅಜ್ಜಿ ಏಳ್ತಿಲ್ಲ. ನನ್ನ ಕರ್ನೆಲ್ಲೇ ಹಾಕಿದ್ದೆ. ನೀವು ಓಡಿಸಿ ನೋಡಿದ್ರಿ ಅಲ್ವಾ?"

ಓಟಕಾರ್ ಕನ್ನಡಕ ತೆಗೆದು ಒರೆಸತೊಡಗಿದರು. "ಮೊಣಕಾಲು ನೋಯ್ತಿತ್ತು. ನಲವತ್ತು ಮೆಟ್ಟಿಲು. ಬೇರೆಯವರದ್ದಾಗಿದ್ರೆ ಕುಂಟ್ಕೊಂಡಾದ್ರೂ ಇಳೀತಿದ್ದೆ. ನೀನು ಬರೆದಿದ್ದಲ್ವಾ, ಸರಿ ಇರುತ್ತೆ ಅಂದ್ಕೊಂಡೆ."

ಅವಳು ತಪ್ಪನ್ನು ತೋರಿಸಿದಳು.

"ಅಡುಗೆಯವಳ ಹಲ್ಲು ಗಟ್ಟಿಯಿದೆ ಅಂತ ಅಜ್ಜಿ ತಟ್ಟೆಗೆ ಅಕ್ರೋಟ್ ಹಾಕಿದೀಯಲ್ಲೇ."

"ತಪ್ಪು ನಂದು ಅಂತ ನಾನೇ ಬರೀತೀನಿ. ನಿಮ್ಮ ಹೆಸರು ಎತ್ತಲ್ಲ."

"ಸುಮ್ನಿರು ರಾದುಷ್ಕಾ," ಎಂದು ಮುದ್ದಿನ ಹೆಸರಲ್ಲೇ ಗದರಿ ಅವರು ಕೀಬೋರ್ಡ್ ಎಳೆದುಕೊಂಡು ಒಂದೊಂದೇ ಬೆರಳಲ್ಲಿ ಪಟ್ಟಿಗೆ ಬರೆದರು: 'ಓಡಿಸಿ ನೋಡದೆ ಹೆಸರು ಕೊಟ್ಟೆ. ಹಿಂದಕ್ಕೆ ಪಡೆಯುತ್ತೇನೆ. ತಪ್ಪು ಹಿಡಿದವರು: ರಾದ್ಕಾ.'

ಇಷ್ಟು ವರ್ಷಗಳಲ್ಲಿ ಅವರು ಹೆಸರು ಹಿಂದಕ್ಕೆ ಪಡೆದದ್ದು ಇದೇ ಮೊದಲು. ರಾದ್ಕಾಳಿಗೆ ಅಳು ಬಂತು. ಬೆಳಿಗ್ಗೆ ಅವರ ಹೆಸರು ಸಿಕ್ಕ ಮೇಲ್ ಓದಿದಾಗ ಬಂದಿರಲಿಲ್ಲ.

"ಕೊಲಾಚ್ ಉಳಿದಿದ್ಯಾ?" ಎಂದು ಅವರು ಎದ್ದರು. "ತಗೊಂಡು ಬಾ. ಒಂಬತ್ತನೇ ಸಲದ್ದು ಅಜ್ಜಿ ಎದುರಿಗೇ ಕೂತು ಬರಿ."

ಅವಳ ಭುಜ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ಗೊಣಗುತ್ತಾ, ನಲವತ್ತನ್ನೂ ಇಳಿದರು.