ಆರು ಕಿಟಕಿಗಳ ವರದಿ

ನನ್ನ ಬೀರುವಿನಲ್ಲಿ ಒಂದು ಬಿಳಿ ರಟ್ಟು ಇದೆ. ಬಿಳಿ ಎಂದದ್ದು ಅಭ್ಯಾಸಬಲದಿಂದ. ಅದು ಒಲೆಯ ಪಕ್ಕದ ಗೋಡೆಯ ಬಣ್ಣಕ್ಕೆ ತಿರುಗಿ ಬಹಳ ವರ್ಷಗಳಾದವು. ಉದ್ದ ಎರಡು ಗೇಣು, ಅಗಲ ಒಂದು ಗೇಣು. ನಟ್ಟನಡುವೆ ಪತ್ರಿಕೆಯ ತುಣುಕೊಂದು ಅಂಟಿಕೊಂಡಿದೆ. ಮನೆ ಬದಲಿಸುವಾಗಲೆಲ್ಲ ಹಳೆಯ ಕಾಗದಗಳನ್ನು ರದ್ದಿಗೆ ಹಾಕಿದ್ದೇನೆ, ಇದನ್ನು ಮಾತ್ರ ಹಾಕಲಾಗಲಿಲ್ಲ. ಕೊಟ್ಟವರು ತುಂಗಾಬಾಯಿ ಎಂಬ ಶಿಕ್ಷಕಿ. ಕೊಡುವಾಗ ಅವರು ಒಂದು ಸಣ್ಣ ಕೆಲಸ ಹೇಳಿದ್ದರು. ನಾನು ಮಾಡಲಿಲ್ಲ.

ಆಗ ನಾನು ಊರಿನ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಸರಕಾರಿ ಶಾಲೆಯಲ್ಲಿ ದೊಡ್ಡ ಪರೀಕ್ಷೆ ನಡೆಯುವಾಗ ಹುಡುಗರ ಅಣ್ಣಂದಿರು, ಸೋದರಮಾವಂದಿರು ಕಿಟಕಿಗಳಿಗೆ ಜೋತುಬಿದ್ದು ಒಳಗೆ ಚೀಟಿ ಎಸೆಯುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬರೆದಿರಲಿಲ್ಲ. ಎದುರಿನ ಹೋಟೆಲಿನ ಮಾಳಿಗೆಯ ಮೇಲೆ ಮೂರು ತಾಸು ಕೂತು ನಾನು ಎಣಿಸಿದೆ. ಕಿಟಕಿಗಳು ಆರು, ಚೀಟಿಗಳು ನಲವತ್ತೊಂದು. ಅಷ್ಟನ್ನೇ ಬರೆದೆ. ಸುದ್ದಿ ಸಂಪಾದಕ ವೆಂಕೋಬರಾಯರು ಅದನ್ನು ಗಟ್ಟಿಯಾಗಿ ಓದಿ, "ಹಿಂಗ ಬರೀಬೇಕು ನೋಡ್ರಪಾ" ಎಂದು ಉಳಿದವರಿಗೆ ಹೇಳಿದರು.

ಬೇಸಿಗೆ ರಜೆ ಮುಗಿಯುವುದರೊಳಗೆ ಮೇಲಿನಿಂದ ಆದೇಶ ಬಂದು, ಆರೂ ಕಿಟಕಿಗಳಿಗೆ ತಗಡು ಹೊಡೆದರು. ಅವುಗಳ ಮೇಲಿನ ಗವಾಕ್ಷಿಗಳನ್ನು ಪಾರಿವಾಳಗಳ ಕಾಟಕ್ಕೆ ಮೊದಲೇ ಇಟ್ಟಿಗೆಯಿಂದ ಮುಚ್ಚಿದ್ದರು. ಎಣಿಸುವಾಗ ನಾನು ಕಿಟಕಿಗಳಿಂದ ಮೇಲಕ್ಕೆ ನೋಡಿರಲಿಲ್ಲ.

ಚಳಿಗಾಲದ ಕೊನೆಯ ಒಂದು ಮಧ್ಯಾಹ್ನ ತುಂಗಾಬಾಯಿ ಕಚೇರಿಗೆ ಬಂದರು. ತೆಳ್ಳಗಿನ ಹೆಂಗಸು, ಸೆರಗಿನ ತುದಿಗೆ ಸುಣ್ಣದಕಡ್ಡಿಯ ಪುಡಿ ಹತ್ತಿತ್ತು.

"ಕಿಟಕಿ ಎಣಿಸಿದವರು ನೀವೇ ಏನ್ರಿ?"

"ಹೌದ್ರಿ. ವರದಿಯೊಳಗ ಏನರ ತಪ್ಪೈತೇನು?"

"ತಪ್ಪಿದ್ರ ಛಲೋ ಆಗ್ತಿತ್ತು. ಖರೇನ ಬರದೀರಿ, ಅದಕ್ಕ ಬಂದೀನಿ."

ಆ ಆರೂ ಕಿಟಕಿಗಳಿದ್ದ ಅವರ ಕೋಣೆಯಲ್ಲಿ ಐವತ್ತೆಂಟು ಮಕ್ಕಳು. ಬಾಗಿಲಿನ ಪಕ್ಕದಲ್ಲೇ ಅಡುಗೆಯ ಚಪ್ಪರ, ಅಲ್ಲಿ ಮಕ್ಕಳ ಊಟಕ್ಕೆ ಹಸಿ ಕಟ್ಟಿಗೆ ಉರಿಸುತ್ತಿದ್ದರು. "ಹೊಗಿ ಒಳಗ ಬರಾಕ ಬಾಗಲ ಐತಿ, ಹೊರಗ ಹೋಗಾಕ ದಾರಿ ಇಲ್ಲ. ಹೆಡ್‌ಮಾಸ್ತರಿಗೆ ಹೇಳಿದ್ರ, ಪೇಪರಿನವರು ಮುಚ್ಚಿಸ್ಯಾರ, ಅವರ ಕಡೆಯಿಂದನ ತಗಸ್ರಿ ಅಂತಾರ" ಎಂದರು. ಹುಲಿಗೆಮ್ಮ ಎಂಬ ಹುಡುಗಿಯ ಮಾತು ತೆಗೆದರು. ತರಗತಿಗೆ ಮೊದಲಿಗಳು, ಉಬ್ಬಸದವಳು. ತಗಡು ಹೊಡೆದಾಗಿನಿಂದ ಹೊಸ್ತಿಲ ಮೇಲೆ ಕೂತು, ಹೊಗೆ ಬಂದಾಗ ಅಂಗಳಕ್ಕೆ ಎದ್ದುಹೋಗಿ ಪಾಠ ಕೇಳುತ್ತಿದ್ದಳು.

"ಪರೀಕ್ಷಾ ದಿನ ಬಾಗಲಾನೂ ಹಾಕ್ತಾರ. ಮೂರು ತಾಸು ಆಕಿ ಒಳಗ ಹೆಂಗ ಕೂಡಬೇಕು ಹೇಳ್ರಿ. ತಗಡು ತಗೀರಿ, ಬೇಕಾದ್ರ ತಂತಿ ಜಾಳಿಗಿ ಹಾಕ್ರಿ ಅಂತ ನಾಕು ಸಾಲು ಬರೀರಿ ಸಾಕು."

"ಡಾಕ್ಟರು, ಅಧಿಕಾರಿಗಳು ಏನರ ಬರದು ಕೊಟ್ಟಾರೇನ್ರಿ?"

"ಗಾಳಿ ಇಲ್ಲ ಅನ್ನಾಕ ಅಧಿಕಾರಿ ಯಾಕ ಬೇಕು? ನೀವ ಬಂದು ಒಂದು ಪಿರಿಯಡ್ ಕೂಡ್ರಿ."

ಶಾಲೆ ಕಚೇರಿಯಿಂದ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಕಣ್ಣಿಗೆ ಕಾಣುವ ಪುರಾವೆ ಏನಾದರೂ ಇದ್ದರೆ ತನ್ನಿ ಎಂದೆ.

ಹನ್ನೆರಡು ದಿನಗಳ ನಂತರ ಅವರು ಈ ರಟ್ಟು ತಂದರು. ಅದಕ್ಕೆ ತೆಳ್ಳಗೆ ಶೇಂಗಾ ಎಣ್ಣೆ ಸವರಿ, ತರಗತಿಯ ಕಪಾಟಿನ ಮೇಲೆ ಹತ್ತು ದಿನ ಇಟ್ಟಿದ್ದರಂತೆ. ಸುಣ್ಣದಪುಡಿ, ಮಸಿ, ಧೂಳು ಎಲ್ಲ ಕೂತು ರಟ್ಟು ಕಂದುಗಪ್ಪಾಗಿತ್ತು. "ನಡುವ ಮುಚ್ಚಾಕ ಒಂದು ಕಾಗದ ಬೇಕಿತ್ತು. ಮನ್ಯಾಗ ಇದ ಇತ್ತು" ಎಂದರು. ನೋಡಿದರೆ ನನ್ನದೇ ವರದಿ, ಎರಡು ಕಾಲಂ.

ಪಕ್ಕದ ಮೇಜಿನಿಂದ ಇಣುಕಿದ ವೆಂಕೋಬರಾಯರು, "ಏನೋ ಇದು, ನಿನ್ನ ಸುದ್ದಿ ಎಣ್ಣ್ಯಾಗ ಕರದು ತಂದಾರಲ್ಲೋ! ಉಪ್ಪು ಖಾರ ಬರೋಬ್ಬರಿ ಐತೇನು ನೋಡು" ಎಂದರು. ಕಚೇರಿಯೆಲ್ಲ ನಕ್ಕಿತು. ನನ್ನನ್ನು ಹಂಗಿಸಲೆಂದೇ ಆಕೆ ಅದನ್ನು ಅಂಟಿಸಿ ತಂದಿದ್ದಾರೆ ಎಂದುಕೊಂಡೆ.

"ಆ ತುಣುಕು ಎತ್ತಿ ನೋಡ್ರಿ" ಎಂದರು ತುಂಗಾಬಾಯಿ.

"ಆಮ್ಯಾಲ ನೋಡ್ತೀನಿ. ಇಟ್ಟು ಹೋಗ್ರಿ."

ಅವರು ರಟ್ಟನ್ನು ಮೇಜಿನ ಮೇಲಿಟ್ಟರು. "ಪರೀಕ್ಷಾಕ್ಕ ಇನ್ನ ಮೂರು ವಾರ ಐತಿ" ಎಂದು ಹೇಳಿ ಹೋದರು.

ಸಂಜೆ ವೆಂಕೋಬರಾಯರ ಹತ್ತಿರ ಮಾತೆತ್ತಿದೆ. ನಮ್ಮ ಪತ್ರಿಕೆಗೆ ಒಂದು ಪದ್ಧತಿಯಿತ್ತು. ಛಾಪಿಸಿದ ಸುದ್ದಿಯ ಮೇಲೆ ಮತ್ತೆ ಬರೆಯುವುದಿದ್ದರೆ ಅದು ತಿದ್ದುಪಡಿಯಾಗಬೇಕು, ಇಲ್ಲವೇ ಅಧಿಕಾರಿಯ ಹೇಳಿಕೆ ಇರಬೇಕು. "ಏನಂತ ತಿದ್ದುಪಡಿ ಹಾಕೂಣು? ಕಿಟಕಿ ಆರಲ್ಲ, ಐದು ಅಂತ ಹಾಕೂಣೇನು?" ಎಂದು ಕೇಳಿದರು. ಶಿಕ್ಷಣ ಇಲಾಖೆಯ ಅಧಿಕಾರಿಗೆ ಒಂದು ಪತ್ರ ಬರೆದೆ. ಪರೀಕ್ಷೆಯ ತನಕ ಉತ್ತರ ಬರಲಿಲ್ಲ, ನಾನು ಎರಡನೆಯ ಪತ್ರ ಬರೆಯಲಿಲ್ಲ. ವರದಿಯಲ್ಲಿ ತಪ್ಪಿಲ್ಲ ಎಂಬ ಮಾತು ಆಗ ನನಗೆ ತುಂಬ ಸಮಾಧಾನ ಕೊಟ್ಟಿತು. ರಟ್ಟನ್ನು ಮೇಜಿನ ಖಾನೆಯೊಳಗೆ ಹಾಕಿದೆ.

ಗಣಿತದ ಪರೀಕ್ಷೆಯ ದಿನ ನಾನೇ ಶಾಲೆಗೆ ಹೋದೆ. ಬಿಸಿಲಿಗೆ ಆರೂ ತಗಡುಗಳು ಕಣ್ಣು ಕುಕ್ಕುತ್ತಿದ್ದವು. ಗೋಡೆಯ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಒಂದೂವರೆ ತಾಸು ಕಳೆದಿರಬೇಕು, ಬಾಗಿಲು ತೆರೆಯಿತು. ಹುಡುಗಿಯೊಬ್ಬಳು ಗೋಡೆ ಹಿಡಿದುಕೊಂಡು ಹೊರಬಂದು ಮೆಟ್ಟಿಲ ಮೇಲೆ ಕುಸಿದಳು. ಒಂದೊಂದು ಉಸಿರಿಗೂ ಅವಳ ಭುಜಗಳು ಕಿವಿಯ ತನಕ ಏರುತ್ತಿದ್ದವು. ಅಂಗಳದಲ್ಲಿದ್ದ ತುಂಗಾಬಾಯಿ ಓಡಿಬಂದು ಬೆನ್ನು ನೀವುತ್ತ ಕೂತರು. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು. ಹುಡುಗಿ ಎದ್ದು, ಲಂಗ ಕೊಡವಿಕೊಂಡು ಬಾಗಿಲಿಗೆ ಹೋದಳು.

ಮೇಲ್ವಿಚಾರಕರು ಅಡ್ಡ ನಿಂತರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. "ಹೊರಗ ಬಂದವರನ್ನ ಮತ್ತ ಒಳಗ ಬಿಡಾಕ ಬರಂಗಿಲ್ಲವ್ವ. ಪೇಪರಿನ್ಯಾಗ ಬಂದಾಗಿಂದ ಭಾಳ ಬಿಗಿ ಆಗೈತಿ."

"ಇನ್ನ ನಾಕು ಲೆಕ್ಕ ಉಳದಾವ್ರಿ ಸರ್" ಎಂದಳು ಹುಲಿಗೆಮ್ಮ. "ನಾಕೂ ಬರ್ತಾವ್ರಿ ನನಗ."

ಬಾಗಿಲು ಮುಚ್ಚಿತು. ತುಂಗಾಬಾಯಿ ಗೇಟಿನ ಕಡೆ ತಿರುಗಿದಾಗ ಅಲ್ಲಿ ನಿಂತಿದ್ದ ನಾನು ಅವರ ಕಣ್ಣಿಗೆ ಬಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಹುಡುಗಿಯ ಕೈ ಹಿಡಿದುಕೊಂಡು ನನ್ನ ಪಕ್ಕದಿಂದಲೇ ಹೊರನಡೆದರು.

ಆ ದಿನ ಮೂರು ವಾಕ್ಯ ಬರೆದೆ. ಪರೀಕ್ಷೆ ಶಾಂತಿಯುತವಾಗಿ ನಡೆಯಿತು. ನಕಲು ನಡೆದದ್ದು ಕಂಡುಬರಲಿಲ್ಲ. ಒಬ್ಬ ವಿದ್ಯಾರ್ಥಿನಿ ಅಸ್ವಸ್ಥಳಾಗಿ ಅರ್ಧಕ್ಕೆ ಹೊರಬಂದಳು. ಜಾಗ ಸಾಲದೆಂದು ವೆಂಕೋಬರಾಯರು ಮೂರನೆಯದನ್ನು ಹೊಡೆದುಹಾಕಿದರು. ನಾನು ತಕರಾರು ಮಾಡಲಿಲ್ಲ. ಉಳಿದ ಎರಡರಲ್ಲಿ ತಪ್ಪೇನೂ ಇರಲಿಲ್ಲ.

ಹುಲಿಗೆಮ್ಮ ಗಣಿತದಲ್ಲಿ ಉತ್ತೀರ್ಣಳಾಗಲಿಲ್ಲ. ಮತ್ತೆ ಶಾಲೆಗೆ ಬರಲಿಲ್ಲ. ಎಲ್ಲಿ ಹೋದಳು ಎಂದು ನಾನು ವಿಚಾರಿಸಲಿಲ್ಲ, ವಿಚಾರಿಸುವುದೇ ನನ್ನ ಕಸುಬಾಗಿದ್ದರೂ. ತುಂಗಾಬಾಯಿಗೆ ಬೇರೆ ಊರಿಗೆ ವರ್ಗವಾಯಿತು. ಮಳೆಗಾಲದಲ್ಲಿ ಅಧಿಕಾರಿಯ ಉತ್ತರ ಬಂತು: ವಿಷಯ ಪರಿಶೀಲನೆಯಲ್ಲಿದೆ. ಎರಡು ವರ್ಷಗಳ ಮೇಲೆ ಬಿರುಗಾಳಿಗೆ ಎರಡು ತಗಡು ಕಿತ್ತುಹೋದವು, ಯಾರೂ ಮತ್ತೆ ಹೊಡೆಯಲಿಲ್ಲ. ನಾನು ಆ ಊರಲ್ಲಿರುವಷ್ಟು ದಿನ ಆ ಶಾಲೆಯ ಗಾಳಿ ಸುಧಾರಿಸಿದ್ದು ಅಷ್ಟೇ.

ಕಳೆದ ವಾರ ರಟ್ಟನ್ನು ತೆಗೆದು ಮೇಜಿನ ಮೇಲಿಟ್ಟೆ. ತುಣುಕಿನ ಮೂಲೆಗೆ ಚಾಕುವಿನ ತುದಿ ತಗುಲಿಸಿ ಮೆಲ್ಲಗೆ ಎತ್ತಿದೆ. ಎಣ್ಣೆ ಎಂದೋ ಒಣಗಿತ್ತು. ತುಣುಕು ಹರಿಯದೆ ಬಂತು. ಅದರ ಕೆಳಗಿದ್ದದ್ದನ್ನು ಬಿಳಿ ಎನ್ನಲಾರೆ, ಎಣ್ಣೆಯ ತಿಳಿ ಹಳದಿ. ಆದರೆ ಒಂದು ಕಣ ಮಸಿಯಿರಲಿಲ್ಲ. ನಾಲ್ಕು ಅಂಚುಗಳೂ ನೇರ, ಅಳತೆ ಸರಿಯಾಗಿ ಎರಡು ಕಾಲಂ. ಸುತ್ತಲಿನ ಕಪ್ಪಿನ ನಡುವೆ ಅದು, ಯಾರೋ ತೆರೆದಿಟ್ಟ ಕಿಟಕಿಯ ಹಾಗೆ ಕಾಣುತ್ತಿತ್ತು.