ಗಿಡಿಯನ್ ಲಸ್ಕಮ್‌ನ ತಂದೆ ಯಾರು

ಲೋರ್ನಾ ಫೋನಿನಲ್ಲಿ ಏನನ್ನೂ ಬಿಡಿಸಿ ಹೇಳಲಿಲ್ಲ. ಫಲಿತಾಂಶ ಬಂದಿದೆ, ನಾನೇ ಬಂದು ಹೇಳುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಬಾಸ್ಟನ್‌ನಿಂದ ಸಮುದ್ರ ದಾಟಿ ಇಂಗ್ಲೆಂಡಿನ ಡೆವನ್ನಿಗೆ ಬಂದು ಹೇಳುವಂಥದ್ದು ಏನಿದ್ದೀತು ಎಂದು ಡೆನ್ಜಿಲ್ ಲಸ್ಕಮ್‌ಗೆ ಹೊಳೆಯಲಿಲ್ಲ. ಕುಂಟುತ್ತಿದ್ದ ಕುರಿಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಅದರ ಗೊರಸು ಕೆತ್ತುತ್ತಿದ್ದವನು ಫೋನನ್ನು ಜೇಬಿಗೆ ಹಾಕಿ ಮತ್ತೆ ಚಾಕು ಹಿಡಿದ. ಚಾಕು ಆಳಕ್ಕೆ ಇಳಿಯಿತು. ಗೊರಸಿನಿಂದ ರಕ್ತ ಜಿನುಗಿತು.

ಲೋರ್ನಾ ಮೊದಲು ಬಂದದ್ದು ವಸಂತದಲ್ಲಿ, ಕುರಿಗಳು ಮರಿ ಹಾಕುವ ಕಾಲಕ್ಕೆ. ಅವಳ ಮನೆತನದ ಹೆಸರೂ ಲಸ್ಕಮ್ಮೇ. ನಾನೂರು ವರ್ಷಗಳ ಹಿಂದೆ ಗಿಡಿಯನ್ ಲಸ್ಕಮ್ ಎಂಬ ಯುವಕ ಹಡಗು ಹತ್ತಿ ಮ್ಯಾಸಚೂಸೆಟ್ಸಿಗೆ ಹೋಗಿ, ಕಾಡು ಕಡಿದು ಊರು ಕಟ್ಟಿದ್ದ. ಅವನ ವಂಶದವರು ಅಲ್ಲಿ ಈಗ ಸಾವಿರಾರು ಜನ. ಅವನ ಮಕ್ಕಳು, ಮೊಮ್ಮಕ್ಕಳು, ಅವರ ಹೆಂಡಂದಿರ ತವರುಮನೆ ಎಲ್ಲವೂ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಅವನು ಯಾರ ಮಗ ಎಂಬುದು. ಡೆವನ್ನಿನ ಬಾರ್ಟನ್ ಫಾರ್ಮಿನ, ಅಂದರೆ ಡೆನ್ಜಿಲ್‌ನ ಮನೆತನದವನು ಎಂದು ಅವರ ಹಿರಿಯರು ಹೇಳಿಕೊಂಡು ಬಂದಿದ್ದರು. ಅದಕ್ಕೆ ಆಧಾರವಿರಲಿಲ್ಲ. ಇಲ್ಲಿನ ಚರ್ಚಿನ ಜನನ ದಾಖಲೆಯಲ್ಲಿ ಆ ಕಾಲದ ಪುಟಗಳು ಎಂದೋ ತೇವಕ್ಕೆ ಕೊಳೆತುಹೋಗಿದ್ದವು.

"ಇನ್ನೇನಿದ್ರೂ ರಕ್ತಾನೇ ಕೇಳ್ಬೇಕು" ಎಂದಿದ್ದಳು ಲೋರ್ನಾ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬದಲಾಗದೆ ಇಳಿದು ಬರುವ ಗುರುತೊಂದಿದೆ. ಅಮೆರಿಕದ ಲಸ್ಕಮ್ ಗಂಡಸರಲ್ಲಿ ಇರುವ ಗುರುತು ಬಾರ್ಟನ್ನಿನ ಗಂಡಸರಲ್ಲೂ ಇದ್ದರೆ ಮಾತು ಮುಗಿಯಿತು. ಡೆನ್ಜಿಲ್ ನಕ್ಕು, ಅವಳು ಕೊಟ್ಟ ಪುಟ್ಟ ಬಾಟಲಿಗೆ ಉಗುಳಿ ಕೊಟ್ಟಿದ್ದ. ಎಕ್ಸಿಟರ್‌ನಲ್ಲಿ ಬಸ್ ಓಡಿಸುವ ತಮ್ಮ ಕ್ಲೆಮೆಂಟ್ ಕೂಡ ಕೊಟ್ಟಿದ್ದ. ತೊಂಬತ್ತರ ಹತ್ತಿರದ ತಾಯಿ ಥರ್ಜಾ ಮಾತ್ರ ಅಂದು ಒಲೆಯ ಪಕ್ಕದಿಂದ ಎದ್ದು ಕೋಳಿಗಳಿಗೆ ಕಾಳು ಹಾಕಲು ಹೋದವಳು ಅತಿಥಿ ಹೊರಡುವವರೆಗೂ ಒಳಗೆ ಬಂದಿರಲಿಲ್ಲ.

ಈಗ ಭಾನುವಾರ ಬೆಳಿಗ್ಗೆ ಲೋರ್ನಾ ಬಂದವಳು ಮನೆಯೊಳಗೆ ಕಾಲಿಡಲಿಲ್ಲ. "ಕುರಿ ನೋಡೋಕೆ ಹೋಗೋಣ ಬನ್ನಿ" ಎಂದಳು. ಇಬ್ಬರೂ ಡೆನ್ಜಿಲ್‌ನ ಜೀಪಿನಲ್ಲಿ ಗುಡ್ಡದ ತುದಿಯವರೆಗೆ ಹೋದರು. ಅವನು ಎಂಜಿನ್ ಆರಿಸಿದ. ಗಾಳಿ ಗಾಜಿಗೆ ಬಡಿಯುತ್ತಿತ್ತು.

"ಕ್ಲೆಮೆಂಟ್ ಅವರದು ನಮ್ಮ ಗುರುತಿಗೆ ಸರಿಯಾಗಿ ಕೂತಿದೆ" ಎಂದಳು ಲೋರ್ನಾ. "ಗಿಡಿಯನ್ ಈ ಮನೆಯ ರಕ್ತಾನೇ."

"ಒಳ್ಳೇದಾಯ್ತಲ್ಲ. ಅದನ್ನ ಹೇಳೋಕೆ ಇಷ್ಟು ದೂರ ಬರ್ಬೇಕಿತ್ತಾ?"

"ನಿಮ್ಮದು ಕೂರ್ಲಿಲ್ಲ."

ಡೆನ್ಜಿಲ್ ಸ್ಟೀರಿಂಗ್ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದ. "ನಮ್ದಕ್ಕೆ ಕೂರ್ಲಿಲ್ವಾ, ನಿಮ್ದಕ್ಕಾ?"

"ಯಾವುದಕ್ಕೂ ಇಲ್ಲ. ಕ್ಲೆಮೆಂಟ್ ಅವರದಕ್ಕೂ ಇಲ್ಲ."

"ಯಂತ್ರ ತಪ್ಪಿರುತ್ತೆ."

"ನಾನೂ ಹಾಗೇ ಅಂದ್ಕೊಂಡು ಮತ್ತೊಂದು ಕಡೆ ಮಾಡಿಸ್ದೆ. ಅದೇ ಬಂತು." ಅವಳ ಧ್ವನಿ ಇಳಿಯಿತು. "ಉಳಿದ ಗುರುತುಗಳ ಪ್ರಕಾರ ತಾಯಿ ಒಬ್ಬರೇ. ತಂದೆ ಒಬ್ಬರಲ್ಲ. ಇದು ನನ್ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ, ಡೆನ್ಜಿಲ್. ಕ್ಲೆಮೆಂಟ್ ಅವರಿಗೆ ಅವರದ್ದು ಮಾತ್ರ ಗೊತ್ತು. ನೀವು ಬೇಡ ಅಂದ್ರೆ ಗಿಡಿಯನ್ ವಿಷಯಾನೂ ಇಲ್ಲಿಗೇ ಬಿಟ್ಬಿಡ್ತೀನಿ. ನಮ್ಮ ದೊಡ್ಡಪ್ಪ ಎವೆರೆಟ್ ಇದಕ್ಕೇ ಇಡೀ ಆಯುಷ್ಯ ಸವೆಸಿದ್ದಾರೆ, ಆದರೂ ಬಿಡ್ತೀನಿ."

ಕೆಳಗೆ ಮನೆಯ ಹೊಗೆ, ಕಲ್ಲಿನ ಗೋಡೆಗಳು, ಅಪ್ಪ ಹೆರಾಲ್ಡ್ ನೆಟ್ಟ ಬೀಚ್ ಜಾತಿಯ ಮರಗಳ ಸಾಲು ಕಾಣುತ್ತಿದ್ದವು. ಅಪ್ಪ ಸಾಯುವಾಗ ಫಾರ್ಮನ್ನೆಲ್ಲ ದೊಡ್ಡ ಮಗನಿಗೇ ಬರೆದಿದ್ದ. ಮನೆ ಕಟ್ಟಿಕೊಳ್ಳಲು ಮೇಲಿನ ಹೊಲವನ್ನಾದರೂ ಕೊಡು ಎಂದು ಕ್ಲೆಮೆಂಟ್ ಕೇಳಿದಾಗ, ಲಸ್ಕಮ್ ಜಮೀನನ್ನು ನಾನು ತುಂಡು ಮಾಡುವುದಿಲ್ಲ ಎಂದು ಡೆನ್ಜಿಲ್ ಮುಖಕ್ಕೆ ಹೊಡೆದಂತೆ ಹೇಳಿದ್ದ. ಅದೇ ಕ್ಲೆಮೆಂಟ್ ಇವತ್ತು ಊಟಕ್ಕೆ ಬರುವವನಿದ್ದ.

ಬಂದಾಗ ಅವನು ಬಹಳ ಖುಷಿಯಲ್ಲಿದ್ದ. ಸೇಬಿನ ಹೆಂಡ ಸೈಡರ್‌ನ ದೊಡ್ಡ ಜಾಡಿಯನ್ನು ಮೇಜಿನ ನಡುವೆ ಕುಕ್ಕಿದ.

"ಬಂತಾ ನಿಂದು? ನಂದು ಹೋದ ವಾರಾನೇ ಬಂತು. ನಾವು ಅಮೆರಿಕದವರಿಗೆ ನೆಂಟರಂತೆ ಕಣಮ್ಮ. ಇನ್ಮೇಲೆ ಬಸ್ಸಲ್ಲಿ ಟಿಕೆಟ್ ಕೊಡೋವಾಗ ಗತ್ತಲ್ಲಿ ಕೊಡ್ಬೇಕು."

ಡೆನ್ಜಿಲ್ ಹುರಿದ ಕುರಿಮಾಂಸ ಕೊಯ್ಯುತ್ತಿದ್ದ. ಲೋರ್ನಾ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅತ್ತಿಂದಿತ್ತ ದೂಡುತ್ತಿದ್ದಳು.

"ಏನಾಯ್ತು ಇಬ್ರಿಗೂ? ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀರ. ನಿಂದು ಏನು ಬಂತೋ, ಡೆನ್ಜಿಲ್?"

"ಬರ್ಲಿಲ್ಲ. ಬಾಟ್ಲಿ ದಾರೀಲಿ ಒಡೆದೋಯ್ತಂತೆ."

"ಅಷ್ಟೇನಾ? ಇವರು ಇಲ್ಲೇ ಇದಾರಲ್ಲ, ಈಗ್ಲೇ ಇನ್ನೊಂದ್ಸಲ ಉಗುಳಿ ಕೊಡು. ಬಾಟ್ಲಿ ತಂದಿದ್ದೀರೇನಮ್ಮ?"

ಲೋರ್ನಾಳ ಮುಖ ಕೆಂಪೇರಿತು. "ತಂದಿಲ್ಲ" ಎನ್ನುವಷ್ಟರಲ್ಲೇ ಅವಳ ಕಣ್ಣು ಡೆನ್ಜಿಲ್‌ನತ್ತ ಓಡಿತು. ಕ್ಲೆಮೆಂಟ್ ಅದನ್ನು ಕಂಡ. ಅವನ ನಗು ನಿಧಾನವಾಗಿ ಆರಿತು. ಅವನು ಅಣ್ಣನನ್ನೊಮ್ಮೆ ಅವಳನ್ನೊಮ್ಮೆ ನೋಡಿದ.

"ನನ್ನಿಂದ ಏನೋ ಮುಚ್ಚಿಡ್ತಿದ್ದೀರ."

"ಊಟ ಮಾಡೋ" ಎಂದ ಡೆನ್ಜಿಲ್.

"ಮುಚ್ಚಿಡ್ತಿದ್ದೀರ ತಾನೆ?"

"ಸಾಕು" ಎಂದಳು ಥರ್ಜಾ. ಅವಳು ಫೋರ್ಕನ್ನು ತಟ್ಟೆಯ ಪಕ್ಕಕ್ಕಿಟ್ಟು, ಬಟ್ಟೆಯಿಂದ ಬಾಯಿ ಒರೆಸಿಕೊಂಡಳು. "ಡೆನ್ಜಿಲ್‌ಗೆ ಸುಳ್ಳು ಹೇಳೋಕೆ ಬರಲ್ಲ. ಚಿಕ್ಕೋನಿದ್ದಾಗ್ಲೂ ಬರ್ತಿರ್ಲಿಲ್ಲ. ಮಗಳೇ, ಅವನದು ಬೇರೆ ಬಂತು, ಅಲ್ವಾ?"

ಲೋರ್ನಾ ತಲೆ ತಗ್ಗಿಸಿದಳು. "ಅದನ್ನ ನಾನು ಹೇಳೋ ಹಾಗಿಲ್ಲ."

"ಬೇಡ ಬಿಡು, ನಾನೇ ಹೇಳ್ತೀನಿ." ಮುದುಕಿ ಕಿಟಕಿಯತ್ತ ನೋಡುತ್ತಲೇ ಮಾತಾಡಿದಳು. "ಮದುವೆ ಹೊತ್ತಿಗೇ ಡೆನ್ಜಿಲ್ ಹೊಟ್ಟೇಲಿದ್ದ. ಹೆರಾಲ್ಡ್‌ನ ಮಗ ಅಲ್ಲ. ಬೇಸಿಗೇಲಿ ಉಣ್ಣೆ ಕತ್ತರಿಸೋಕೆ ಬರ್ತಿದ್ದ ಒಬ್ಬ, ಅವನದು. ಕೆಲಸ ಮುಗಿಸಿ ಹೋದವನು ಮತ್ತೆ ಬರ್ಲೇ ಇಲ್ಲ. ನಾನು ಹೆರಾಲ್ಡ್‌ಗೆ ಬಾಯಿಬಿಟ್ಟು ಹೇಳ್ದೆ. ಅವನು ಟೋಪಿ ಕೈಲಿ ತಿರುಗಿಸ್ತಾ ನಿಂತ. ಆಮೇಲೆ, ಪಾದ್ರಿ ಹತ್ರ ಹೋಗೋಣ ನಡಿ ಅಂದ. ಅಷ್ಟೇ. ಮತ್ತೆ ಆ ಮಾತೇ ಎತ್ತಲಿಲ್ಲ."

ಕ್ಲೆಮೆಂಟ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಅವನು ಬಾಗಿಲು ತೆರೆದು ಅಂಗಳಕ್ಕೆ ಹೋದ. ಡೆನ್ಜಿಲ್ ಕೈಯಲ್ಲಿದ್ದ ಮಾಂಸ ಕೊಯ್ಯುವ ಚಾಕುವನ್ನು ಕೆಳಗಿಡಲೂ ಮರೆತು ಹಿಂದೆಯೇ ನಡೆದ. ಕೊಟ್ಟಿಗೆಯ ಗೇಟಿನ ಬಳಿ ತಮ್ಮ ತಿರುಗಿ ನಿಂತ.

"ಏನು, ಇರಿತೀಯಾ ಈಗ?"

ಡೆನ್ಜಿಲ್ ಚಾಕುವನ್ನು ಕಲ್ಲುಗೋಡೆಯ ಮೇಲಿಟ್ಟ. "ನಂಗೂ ಇವತ್ತು ಬೆಳಿಗ್ಗೇನೇ ಗೊತ್ತಾಗಿದ್ದು."

"ಲಸ್ಕಮ್ ಜಮೀನು ತುಂಡು ಮಾಡಲ್ಲ ಅಂದಿದ್ದೆಯಲ್ಲ. ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದೆ, ಒಳಗೂ ಕರೀಲಿಲ್ಲ."

"ಹೇಳಿದ್ದೆ."

"ವಕೀಲನ ಹತ್ರ ಹೋದ್ರೆ?"

"ಹೋಗು. ನಾನು ತಡೆಯಲ್ಲ."

ಕ್ಲೆಮೆಂಟ್ ಗೇಟಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದಿದ್ದ. ಹೊಡೆಯುತ್ತಾನೆ ಎಂದೇ ಡೆನ್ಜಿಲ್ ಕಾದ. ಹೊಡೆಯಲಿ ಎಂದೂ ಅನ್ನಿಸಿತು. ಆದರೆ ತಮ್ಮನ ಬಾಯಿಂದ ಬಂದದ್ದು ಬೇರೆ ಮಾತು.

"ಅಪ್ಪಂಗೆ ಗೊತ್ತಿತ್ತು. ಎಲ್ಲಾ ಗೊತ್ತಿದ್ದೂ ನಿನ್ನ ಹೆಸರಿಗೇ ಬರೆದ." ಅವನ ಧ್ವನಿ ಒಡೆಯಿತು. "ವಕೀಲ ಏನು ಮಾಡ್ತಾನೆ ಅದಕ್ಕೆ? ನೀನು ಹುಟ್ಟಿದ್ದು ಯಾರಿಗೇ ಆಗ್ಲಿ, ಅವನು ಆರಿಸ್ಕೊಂಡಿದ್ದು ನಿನ್ನನ್ನ. ನಾನು ಸ್ವಂತ ಮಗ. ನನ್ನನ್ನಲ್ಲ."

ಕ್ಲೆಮೆಂಟ್ ಕೋಟನ್ನೂ ತೆಗೆದುಕೊಳ್ಳದೆ ಕಾರು ಹತ್ತಿ ಹೋದ.

ಮರುದಿನ ಲೋರ್ನಾ ಹೊರಡುವ ಮೊದಲು ಡೆನ್ಜಿಲ್ ಹೇಳಿದ, "ಗಿಡಿಯನ್ ವಿಷಯ ನಿಮ್ಮವರಿಗೆ ಹೇಳಿ. ಅವನು ಮಾಡಿದ ತಪ್ಪೇನಿದೆ. ನನ್ನ ಹೆಸರು ಮಾತ್ರ ಎಲ್ಲೂ ಬೇಡ, ಅಮ್ಮ ಇರೋವರೆಗೆ." ಕ್ಲೆಮೆಂಟ್ ಕೂಡ ಫೋನಿನಲ್ಲಿ ಅವಳಿಗೆ, ಹೇಳ್ಕೊಳ್ಳಿ, ನನ್ನನ್ನ ಮತ್ತೇನೂ ಕೇಳ್ಬೇಡಿ ಎಂದು ಹೇಳಿ ಇಟ್ಟನಂತೆ. ಎವೆರೆಟ್ ದೊಡ್ಡಪ್ಪನಿಗೆ ಸಿಕ್ಕಿದ್ದು ಅರ್ಧ ಉತ್ತರ. ಗಿಡಿಯನ್ ಬಾರ್ಟನ್ ಮನೆಯ ರಕ್ತವೆಂಬುದು ಖಚಿತವಾಯಿತು. ಆ ಕಾಲಕ್ಕೆ ಈ ಮನೆಯಲ್ಲಿದ್ದ ಗಂಡಸರಲ್ಲಿ ಯಾರ ಮಗ, ಚರ್ಚಿನಲ್ಲಿ ಕೈಹಿಡಿದವಳಿಗೆ ಹುಟ್ಟಿದವನೋ ಅಥವಾ ಹಾಲು ಕರೆಯುವ ಆಳುಹೆಣ್ಣಿಗೆ ಹುಟ್ಟಿ ದೂರ ಕಳಿಸಲ್ಪಟ್ಟವನೋ, ಅದನ್ನು ಯಾವ ರಕ್ತವೂ ಹೇಳಲಾರದು ಎಂದು ಲೋರ್ನಾ ಅವನಿಗೆ ಬಿಡಿಸಿ ಹೇಳಿದಳಂತೆ. ಮುದುಕ ಒಂದಿಡೀ ದಿನ ಅವಳೊಡನೆ ಮಾತು ಬಿಟ್ಟಿದ್ದನಂತೆ.

ಕ್ರಿಸ್‌ಮಸ್‌ಗೆ ಕ್ಲೆಮೆಂಟ್ ಬರಲಿಲ್ಲ. ಥರ್ಜಾ ಅವನ ತಟ್ಟೆ ಇಟ್ಟಳು, ಊಟ ಮುಗಿದ ಮೇಲೆ ತಾನೇ ಎತ್ತಿದಳು. ಉಣ್ಣೆ ಕತ್ತರಿಸುವವನ ಹೆಸರನ್ನು ಡೆನ್ಜಿಲ್ ಅವಳನ್ನು ಕೇಳಬೇಕೆಂದುಕೊಂಡ, ಕೇಳಲಿಲ್ಲ.

ಮೇ ತಿಂಗಳಲ್ಲಿ ಅಮೆರಿಕದ ಲಸ್ಕಮ್‌ಗಳು ಒಂದು ಬಸ್ಸು ತುಂಬ ಬಂದಿಳಿದರು. ಬಸ್ಸು ಓಡಿಸಿಕೊಂಡು ಬಂದವನು ಕ್ಲೆಮೆಂಟ್. ಅದು ಲೋರ್ನಾಳ ಏರ್ಪಾಡು ಎಂದು ಡೆನ್ಜಿಲ್‌ಗೆ ನೋಡಿದ ಕೂಡಲೇ ತಿಳಿಯಿತು. ಕ್ಲೆಮೆಂಟ್ ಬಸ್ಸಿಗೆ ಒರಗಿ, ಇವನತ್ತ ತಿರುಗಿಯೂ ನೋಡದೆ ನಿಂತಿದ್ದ. ಊರುಗೋಲು ಹಿಡಿದ ಎವೆರೆಟ್ ನೇರ ಅವನ ಬಳಿಗೇ ಹೋದ.

"ನಮಗೆ ಕೂಡಿಬಂದ ರಕ್ತ ನಿಮ್ಮದೇ ಅಲ್ವಾ? ಬನ್ನಿ, ಬಾಗಿಲ ಮುಂದೆ ಒಂದು ಫೋಟೋ ತೆಗೆಸ್ಕೊಳ್ಳೋಣ. ನಿಮ್ಮಣ್ಣನೂ ಕೊಟ್ಟಿದ್ರಂತಲ್ಲ, ಅದೇನಾಯ್ತು?"

ಲೋರ್ನಾ ದೊಡ್ಡಪ್ಪನ ತೋಳು ಹಿಡಿದಳು. ತಡವಾಗಿತ್ತು. ಗುಂಪು ಕ್ಲೆಮೆಂಟ್‌ನತ್ತ ತಿರುಗಿತು. ಬಾಗಿಲಲ್ಲಿ ಥರ್ಜಾ ಕೋಲೂರಿ ನಿಂತಿದ್ದಳು. ಗುಟ್ಟು ಬಯಲಾಗಲು ಒಂದೇ ಒಂದು ಮಾತು ಸಾಕಿತ್ತು.

ಕ್ಲೆಮೆಂಟ್ ತಾಯಿಯನ್ನು ನೋಡಿದ. ಆಮೇಲೆ ಮೊದಲ ಸಲ ಅಣ್ಣನನ್ನು ನೋಡಿದ.

"ಅವನದು ಬಾಟ್ಲಿ ಒಡೆದೋಯ್ತು" ಎಂದ. "ಮನೆ ಹಿರಿಯ ಅವನು. ಮೊದ್ಲು ಅವನ ಜೊತೆ ತೆಗೆಸ್ಕೊಳ್ಳಿ."

ಫೋಟೋಕ್ಕೆ ಡೆನ್ಜಿಲ್ ಎವೆರೆಟ್‌ನ ಪಕ್ಕ ಹೋಗಿ ನಿಂತ. ಎವೆರೆಟ್ ಗಿಡಿಯನ್‌ನ ಹಡಗಿನ ಕಥೆ ಹೇಳುತ್ತಲೇ ಇದ್ದ, ಡೆನ್ಜಿಲ್‌ನ ಕಿವಿಗೆ ಒಂದಕ್ಷರವೂ ಬೀಳಲಿಲ್ಲ. ಚಹಾಕ್ಕೆ ಎಲ್ಲರೂ ಒಳಗೆ ಬಂದರು, ಕ್ಲೆಮೆಂಟ್ ಬರಲಿಲ್ಲ. ಥರ್ಜಾ ತಾನೇ ಒಂದು ಲೋಟ ಚಹಾ ಬಸ್ಸಿನವರೆಗೆ ಹೊತ್ತುಕೊಂಡು ಹೋದಳು. ತಾಯಿ ಮಗ ಏನು ಮಾತಾಡಿಕೊಂಡರೋ ಯಾರಿಗೂ ಕೇಳಿಸಲಿಲ್ಲ. ಸಂಜೆ ಬಸ್ಸು ತಿರುಗಿಸುವಾಗ ಅವನು ಕಿಟಕಿ ಇಳಿಸಿ, ಅಮ್ಮನನ್ನು ಚಳಿಯಲ್ಲಿ ಹೊರಗೆ ನಿಲ್ಲಿಸಬೇಡ ಎಂದು ಅಣ್ಣನಿಗೆ ಹೇಳಿ ಹೋದ.