ಮೂಗಿನೆದುರು ಬೆರಳು

ಮಲಿಂಡಾ ಮದುವೆಯಾಗಿ ಬಂದ ಹೊಸದರಲ್ಲಿ ಗ್ರೇಬರ್ ಮನೆಯಲ್ಲಿ ಎರಡು ಗೊರಕೆಗಳಿದ್ದವು. ಒಂದು ಕೆಳಗೆ, ಮಾವನದು. ಇನ್ನೊಂದು ಮಹಡಿಯ ಮೇಲೆ, ಅವಳ ಪಕ್ಕದಲ್ಲೇ, ಗಂಡ ಓಬೆಡನದು. ಕೆಳಗಿನ ಒಲೆಯ ಬಿಸಿ ಮೇಲಿನ ಕೋಣೆಗೆ ಏರಲೆಂದು ನೆಲದ ಹಲಗೆ ಕೊಯ್ದು ಕಬ್ಬಿಣದ ಜಾಲರಿ ಕೂರಿಸಿದ್ದರು. ಬಿಸಿಯ ಜೊತೆಗೆ ಮಾವನ ಗೊರಕೆಯೂ ಅದರಿಂದಲೇ ಏರಿ ಬರುತ್ತಿತ್ತು. ಅಪ್ಪ ಎಳೆದದ್ದಕ್ಕೆ ಮಗ ಬಿಟ್ಟು ಜವಾಬು ಕೊಡುವನು. ಹಗಲೆಲ್ಲ ಮಿಲ್ಲಿನಲ್ಲಿ ಮರ ಕೊಯ್ಯುವ ಇವರು ರಾತ್ರಿಯೂ ಕೊಯ್ಯುತ್ತಾರಲ್ಲ ದೇವರೇ ಎಂದು ಆ ಎಳೆಯ ಹುಡುಗಿ ದಿಂಬನ್ನು ಕಿವಿಗೊತ್ತಿಕೊಂಡು ಅತ್ತಿದ್ದಳು. ಚಳಿಗಾಲ ಕಳೆಯುವಷ್ಟರಲ್ಲಿ ಆ ಸದ್ದಿಲ್ಲದೆ ಅವಳಿಗೆ ನಿದ್ದೆಯೇ ಹತ್ತದಂತಾಯಿತು. ತವರಿಗೆ ಹೋದರೆ ಮನೆ ಬಿಕೋ ಎನ್ನುವುದು.

ಆಮೇಲೊಂದು ಬೆಳಿಗ್ಗೆ ಜಾಲರಿಯಿಂದ ಬಿಸಿ ಮಾತ್ರ ಬಂತು. ಇಳಿದು ಹೋಗಿ ನೋಡಿದರೆ ಮಾವನ ಮೂಗಿನೆದುರು ಬೆರಳು ಹಿಡಿದು ಅತ್ತೆ ಕೂತಿದ್ದರು. "ಈಗ ಏಳ್ತಾರೆ, ಈಗ ಏಳ್ತಾರೆ ಅಂತ ಕಾದೆ ಕಣೇ" ಎಂದರು, ಅಷ್ಟೆ.

ಅಂದಿನಿಂದ ಮಲಿಂಡಾಳ ಒಂದು ಕಿವಿ ಮಲಗಲೇ ಇಲ್ಲ. ಓಬೆಡನ ಗೊರಕೆ ನಡುನಡುವೆ ಕಟ್ಟಿ ನಿಂತುಬಿಡುವುದು. ಅವಳ ಬೆರಳು ತಾನಾಗಿ ಅವನ ಮೂಗಿನೆದುರು ಹೋಗುವುದು. ಗುಕ್ಕೆಂದು ಉಸಿರು ಹರಿದು ಬಂದಾಗ "ಸ್ತೋತ್ರ ಸ್ವಾಮಿ" ಎಂದು ಮಗ್ಗುಲಾಗುವಳು. ಮಕ್ಕಳನ್ನು ಹೆತ್ತು, ಸಾಕಿ, ಮದುವೆ ಮಾಡಿದ್ದಾಯಿತು. ದೊಡ್ಡ ಮನೆಯನ್ನು ಕಿರಿಮಗನಿಗೆ ಬಿಟ್ಟು ಅದೇ ಅಂಗಳದ ಚಿಕ್ಕ ಮನೆಗೆ ಬಂದದ್ದಾಯಿತು. ಆ ಬೆರಳಿಗೆ ಮಾತ್ರ ಬಿಡುವು ಸಿಗಲಿಲ್ಲ.

ಅಮೆರಿಕದ ಇಂಡಿಯಾನಾದಲ್ಲಿ ಹಳೆಯ ಕಾಲದ ರೀತಿಯಲ್ಲೇ ಬಾಳುವ ಆಮಿಶ್ ಕ್ರೈಸ್ತರ ಆ ಸಭೆಯಲ್ಲಿ ಓಬೆಡ್ ಹಾಡು ಎತ್ತುವವನು. ಚರ್ಚಿನ ಕಟ್ಟಡವಿಲ್ಲದೆ ಒಬ್ಬೊಬ್ಬರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಕೂಡುವ ಅಲ್ಲಿ ವಾದ್ಯವೆಂಬುದಿಲ್ಲ. ಪ್ರತಿ ಸಾಲಿನ ಮೊದಲನ್ನು ಒಬ್ಬನೇ ನಿಧಾನವಾಗಿ ಎಳೆಯಬೇಕು, ಉಳಿದವರು ಆಮೇಲೆ ಕೂಡಿಕೊಳ್ಳುತ್ತಾರೆ. ಹರೆಯದಲ್ಲಿ ಅವನು ಎಳೆದರೆ ಕೊಟ್ಟಿಗೆಯ ಕುದುರೆಯೂ ಕಿವಿ ನಿಮಿರಿಸುತ್ತಿತ್ತು. ಮಲಿಂಡಾ ಮನಸ್ಸು ಕೊಟ್ಟದ್ದೂ ಆ ದನಿಗೇ. ಈಚೆಗೆ ಸಾಲಿನ ನಡುವೆಯೇ ದಮ್ಮು ಕಟ್ಟುತ್ತಿತ್ತು. ಕೂತಲ್ಲೇ ತೂಕಡಿಕೆ. ತೋಟದಲ್ಲಿ ಯೇಸು ಪ್ರಾರ್ಥಿಸುವಾಗ ಶಿಷ್ಯರು ನಿದ್ದೆ ಹೋದ ಭಾಗವನ್ನು ಬಿಷಪ್ ಟೋಬಿಯಾಸ್ ಬೋಧಿಸುತ್ತಿದ್ದಾಗಲೇ ಗಂಡಸರ ಬೆಂಚಿನಿಂದ ಗೊರಕೆ ಎದ್ದಿತು.

ಊಟದ ಹೊತ್ತಿಗೆ ಟೋಬಿಯಾಸ್ ಓಬೆಡನ ಬೆನ್ನು ತಟ್ಟಿದ. "ನಾನು ಬರೀ ಬಾಯಲ್ಲಿ ಹೇಳ್ದೆ, ನೀನು ಮಾಡೇ ತೋರಿಸ್ಬಿಟ್ಟೆಯಲ್ಲೋ!"

ಎಲ್ಲರೂ ನಕ್ಕರು. ಮಲಿಂಡಾ ನಗಲಿಲ್ಲ. ತಿರುಗುವ ಗರಗಸದ ಮುಂದೆ ಇವನು ಹೀಗೇ ತೂಕಡಿಸಿದರೆ? ಮರುದಿನವೇ ಬಾಡಿಗೆ ವ್ಯಾನು ಹೇಳಿ ಆಸ್ಪತ್ರೆಗೆ ಕರೆದೊಯ್ದಳು. ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತಿದೆ, ಹೀಗೇ ಬಿಟ್ಟರೆ ಒಂದು ದಿನ ಹೃದಯ ಸೋಲುತ್ತದೆ ಎಂದು ಡಾಕ್ಟರು ಹೇಳಿ, ಮೂಗಿನೊಳಕ್ಕೆ ಗಾಳಿ ಒತ್ತುವ ಯಂತ್ರ ಕೊಟ್ಟರು. ಮೂಗಿನ ಮಾಸ್ಕು ತೊಡಿಸಿ ತೋರಿಸಿದ ಅಲ್ಲಿನ ಹೆಂಗಸು, "ಗಡ್ಡ ತೆಗೆದರೆ ಪಟ್ಟಿ ಇನ್ನೂ ಚೆನ್ನಾಗಿ ಕೂರುತ್ತೆ" ಎಂದಳು.

"ಬೇಡಮ್ಮ, ನಮ್ಮಲ್ಲಿ ಗಡ್ಡ ಬಿಡೋದು ಮದುವೆಯಾದೋರು. ತೆಗೆದ್ರೆ ಮದುವೆಯಾಗದ ಹುಡುಗ ಅಂದ್ಕೊಂಡು ಯಾರಾದ್ರೂ ಹಾರಿಸ್ಕೊಂಡು ಹೋದಾರು" ಎಂದಳು ಮಲಿಂಡಾ.

ಸಭೆಯ ಕಟ್ಟಳೆಯಂತೆ ಮನೆಗೆ ಕಂಬದ ಕರೆಂಟು ಎಳೆಯುವ ಹಾಗಿಲ್ಲ. ಮಿಲ್ಲಿನ ಎಂಜಿನ್ನಿನಲ್ಲಿ ಬ್ಯಾಟರಿ ತುಂಬಿಸಿಕೊಂಡು ನಡೆಸಲಿ ಎಂದು ಟೋಬಿಯಾಸ್ ಅಪ್ಪಣೆ ಕೊಟ್ಟ. ಓಬೆಡ್ ಗೊಣಗಿದ. "ಮನುಷ್ಯನ ಮೂಗಿಗೆ ಉಸಿರು ಊದಿದೋನು ದೇವರು. ಮಧ್ಯೆ ಈ ಪೆಟ್ಟಿಗೆ ಯಾವುದು?"

"ನಿನ್ನ ಕಟ್ಟಿಸಿದ ಹಲ್ಲು ದೇವರು ಕೂರಿಸಿದ್ದಾ? ಅದ್ರಲ್ಲೇ ಪೈ ತಿಂತೀಯಲ್ಲ. ಸುಮ್ನೆ ಹಾಕ್ಕೋ" ಎಂದ ಟೋಬಿಯಾಸ್.

ಹಾಕಿಕೊಂಡ. ಕುದುರೆಗೆ ಬಿಗಿಯುವ ಹಾಗೆ ತಲೆಯ ಹಿಂದೆ ಪಟ್ಟಿ, ಮೂಗಿಗೆ ಕೊಳವೆ. ಬಾಯಿ ತೆರೆದರೆ ಗಾಳಿ ಬುಸ್ಸೆಂದು ಹೊರಬೀಳುವುದು. ಹೇಗೋ ಕಣ್ಣು ಹತ್ತಿತು. ಆಗಲೇ ಬಂದದ್ದು ನಿಜವಾದ ತೊಂದರೆ. ಗೊರಕೆ ನಿಂತುಹೋಯಿತು.

ಕೋಣೆ ಬಾವಿಯಂತೆ ಸುಮ್ಮನಾಯಿತು. ಅವಳಿಗೆ ಮಾವನ ಜಾಲರಿ ನೆನಪಾಯಿತು. ಬೆರಳು ಹಿಡಿದರೆ, ಮಾಸ್ಕಿನ ತೂತಿನಿಂದ ಗಾಳಿ ಒಂದೇ ಸಮ ಹೊರಬರುತ್ತಿದೆ. ಅದು ಗಂಡನದೋ ಪೆಟ್ಟಿಗೆಯದೋ? ಸತ್ತವನ ಮೂಗಿಗೆ ಕಟ್ಟಿದರೂ ಅದು ಹೀಗೇ ಬೀಸುತ್ತದಲ್ಲ! ಹೆದರಿ ಪಕ್ಕೆಗೆ ತಿವಿದಳು.

ಓಬೆಡ್ ಎದ್ದು ಕೂತ. "ಏನೇ?"

"ಬದುಕಿದೀಯಾ ಅಂತ ನೋಡ್ದೆ."

"ಇದ್ದೆ ಮಾರಾಯ್ತಿ!"

ದಿನವೂ ಇದೇ ಆಯಿತು. ಒಂದು ಬೆಳಿಗ್ಗೆ ಓಬೆಡ್ ಕೊಳವೆಯನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟ. "ಗೊರಕೆ ಹೊಡೆದಾಗ ಮಲಗೋಕೆ ಬಿಡ್ತಿದ್ದೆ, ಈಗ ಅದೂ ಇಲ್ಲ. ಬರೋ ವಾರ ವ್ಯಾನು ಹೇಳು, ವಾಪಸ್ ಕೊಟ್ಬರ್ತೀನಿ."

ಮಲಿಂಡಾ ಆ ಸುರುಳಿಯನ್ನೇ ನೋಡಿದಳು. ಅವನನ್ನು ಉಳಿಸಿಕೊಳ್ಳಲೆಂದು ತಂದದ್ದನ್ನು ತನ್ನ ಬೆರಳೇ ಹೊರಗೆ ಹಾಕುತ್ತಿದೆ. ಹೇಗೆ ಕಟ್ಟಿಹಾಕುವುದು ಇದನ್ನು? ಹಿಟ್ಟು ನಾದುತ್ತ, ಹಾಲು ಸೋಸುತ್ತ ಅದನ್ನೇ ಪ್ರಾರ್ಥಿಸಿದಳು.

ಆ ಭಾನುವಾರ ಸಭೆ ಪಕ್ಕದ ಹೊಲದವರ ಕೊಟ್ಟಿಗೆಯಲ್ಲಿ. ಎರಡನೆಯ ಹಾಡಿಗೆ ಓಬೆಡನ ಸರದಿ. ಅಷ್ಟೂ ಜನ ಸುಮ್ಮನಾದರು. ಕೂಸುಗಳೂ ಸುಮ್ಮನಾದವು. ಹೆಂಗಸರ ಬೆಂಚಿನಿಂದ ಮಲಿಂಡಾಳಿಗೆ ಅವನು ಕಾಣುತ್ತಿರಲಿಲ್ಲ. ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಹೊಳೆಯಲ್ಲಿ ಕೊಡ ಮುಳುಗಿ ತುಂಬುವ ಹಾಗೆ, ಅವಸರವಿಲ್ಲದೆ, ಅಡಿಯಿಂದ. ಆಮೇಲೆ ದನಿ ಹೊರಟಿತು. ಸಾಲು ಮುಗಿಯಿತು, ದಮ್ಮು ಮುಗಿಯಲಿಲ್ಲ. ಹುಲ್ಲಿನ ಅಟ್ಟದಡಿ ಹದಿಹರೆಯದವರೆಲ್ಲ ಸೇರಿ ಹಾಡುತ್ತಿದ್ದ ಆ ಸಂಜೆಗಳು, ಲಾಟೀನಿನ ಬೆಳಕು, ಇನ್ನೂ ಗಡ್ಡ ಬಿಡದ ಆ ಮುಖ, ಎಲ್ಲ ಅವಳ ಕಣ್ಣೆದುರು ಬಂತು. ಆಗಲೂ ಹಾಡಿಗೆ ಮುಂಚಿನ ಆ ಮೌನಕ್ಕೆ ತಾನು ಹೆದರಿರಲಿಲ್ಲ. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ಕಾಯುತ್ತಿದ್ದಳು. ಕಾಯುವುದೇ ಒಂದು ಸುಖವಾಗಿತ್ತು.

ಮಧ್ಯಾಹ್ನ ಮನೆಗೆ ಬಂದು ಅಡ್ಡಾಗುವ ಹೊತ್ತಿಗೆ ಅವಳೇ ಸುರುಳಿ ಬಿಚ್ಚಿ ಕೊಳವೆ ಕೊಟ್ಟಳು.

"ಹಗಲಲ್ಲೂನಾ? ಇವತ್ತು ಎಂಜಿನ್ ಇಲ್ಲ, ಬ್ಯಾಟರಿ ಖರ್ಚಾಗುತ್ತೆ."

"ಆಗ್ಲಿ. ಇವತ್ತು ತಿವಿಯಲ್ಲ."

"ಆಣೆ ಇಡು."

"ನಾವು ಆಣೆ ಇಡೋ ಜನವಾ? ಇಲ್ಲ ಅಂದ್ರೆ ಇಲ್ಲ. ಮಲಗು."

ಪಕ್ಕದಲ್ಲೇ ಮಲಗಿ, ಬೆರಳುಗಳನ್ನು ಹೆಣೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಕೋಣೆ ಸುಮ್ಮನಾಯಿತು. ಒಂದು ಬೆರಳು ಹೊರಟಿತು, ಇನ್ನೊಂದು ಕೈ ಹಿಡಿದುಕೊಂಡಿತು. ಕಿವಿಗೊಟ್ಟಳು. ಪೆಟ್ಟಿಗೆಯ ಸಣ್ಣ ಗುಂಯ್‌ಕಾರದ ಕೆಳಗೆ, ಬೆಳಿಗ್ಗೆ ಕೇಳಿದ ಅದೇ ಉಸಿರು. ಕೊಡ ತುಂಬುತ್ತಿತ್ತು, ಬರಿದಾಗುತ್ತಿತ್ತು, ಮತ್ತೆ ತುಂಬುತ್ತಿತ್ತು. ಈಗ ಎತ್ತುತ್ತಾನೆ, ಈಗ ಎತ್ತುತ್ತಾನೆ...

ಹಸುಗಳು ಬೇಲಿಯ ಬಳಿ ನಿಂತು ಒರಲುತ್ತಿದ್ದವು. ಕರೆಯುವ ಹೊತ್ತು ಮೀರಿತ್ತು. ಮಲಿಂಡಾ ಕಣ್ಣು ಬಿಟ್ಟರೆ ಮೂಗಿನೆದುರು ಒಂದು ಒರಟು ಬೆರಳು. ಮೇಲೆ ಬಾಗಿ ನಿಂತ ಓಬೆಡ್, ಕೆನ್ನೆಯ ಮೇಲೆ ಪಟ್ಟಿಯ ಗೆರೆ.

"ಬದುಕಿದೀಯೇನೇ?"

"ಇದ್ದೆ ಮಾರಾಯ."

"ನಿನ್ನ ಗೊರಕೆ ನೋಡಿದ್ರೆ ಅಪ್ಪನೇ ಎದ್ದು ಬಂದ ಹಾಗಿತ್ತು. ಆಮೇಲೆ ಗಪ್ಪಂತ ನಿಂತ್ಹೋಯ್ತು. ಜೀವ ಹಾರಿತು ನಂಗೆ."

ಅವನು ಬೆರಳನ್ನು ಇನ್ನೂ ತೆಗೆದಿರಲಿಲ್ಲ. ಅವಳು ಅದನ್ನು ಹಿಡಿದುಕೊಂಡೇ ಎದ್ದಳು. "ಎಷ್ಟು ವರ್ಷದ ನಿದ್ದೆ ಇತ್ತೋ!" ಎಂದು ಟೋಪಿ ಸರಿಮಾಡಿಕೊಂಡಳು.

ಓಬೆಡ್ ಕೊಳವೆಯನ್ನು ಮಂಚದ ಮೊಳೆಗೆ ನೇತುಹಾಕಿದ. ವ್ಯಾನಿನ ಮಾತು ಮತ್ತೆ ಎತ್ತಲಿಲ್ಲ. ಇಬ್ಬರೂ ಬಕೆಟ್ಟು ಹಿಡಿದು ಹಸುಗಳ ಬೈಗುಳ ಕೇಳಲು ಹೊರಟರು.